ಗುಂಡಿಯಣ್ಣನ ಮರೆವು

ಸಾವಿರ ಸುಳ್ಳು ಹೇಳಿ ಒಂದು ಮದುವೆ ಮಾಡು ಅನ್ನುತ್ತಾರೆ. ಗುಂಡಿಯಣ್ಣನ ಮದುವೆಗೆ ಅಷ್ಟೆಲ್ಲ ಸುಳ್ಳು ಖರ್ಚಾಗಿರಲಿಲ್ಲ. ಮದುವೆಯಾದ ಮೇಲೆ ಅವನು ಹೇಳಿದ ಸಣ್ಣಪುಟ್ಟವು ಮಾತ್ರ ಒಂದೂ ಬಾಳಿಕೆ ಬರಲಿಲ್ಲ. ಬೆಳಿಗ್ಗೆ ಹೇಳಿದ ಸುಳ್ಳು ಮಧ್ಯಾಹ್ನದ ಊಟದ ಹೊತ್ತಿಗೆ ಹೆಂಡತಿಯ ಕೈಗೆ ಸಿಕ್ಕಿಬಿದ್ದಿರುತ್ತಿತ್ತು. ಅಂಥ ಮನುಷ್ಯ ಈಗ ಆಸ್ಪತ್ರೆಯ ವರಾಂಡದ ಬೆಂಚಿನ ಮೇಲೆ ಅದೇ ಹೆಂಡತಿಯ ಪಕ್ಕದಲ್ಲಿ ಕೂತು, ಜೀವಮಾನದ ಅತಿ ದೊಡ್ಡ ಸುಳ್ಳನ್ನು ಡಾಕ್ಟರ ಮುಂದೆ ಹೇಗೆ ಹೇಳುವುದೆಂದು ಮನಸ್ಸಿನಲ್ಲೇ ತಾಲೀಮು ನಡೆಸಿದ್ದ. ಇಸವಿ ಕೇಳಿದರೆ ಗೊತ್ತಿಲ್ಲ ಅನ್ನಬೇಕು. ವಾರ ಕೇಳಿದರೆ ತಪ್ಪು ಹೇಳಬೇಕು. ಹೆಸರು ಕೇಳಿದರೆ? ಹೆಸರು ಹೇಳಿಬಿಡೋಣ, ಅದೂ ಗೊತ್ತಿಲ್ಲ ಅಂದರೆ ಅತಿಯಾದೀತು.

ಸುಳ್ಳು ಇಷ್ಟೇ: ತನಗೆ ಮರೆವು ಬಂದಿದೆ. ನಿಜ ಏನೆಂದರೆ, ಮರೆವು ಬಂದಿರುವುದು ಹೆಂಡತಿಗೆ. ಬಂದಿದೆಯೋ, ಬರಿಯ ತನ್ನ ಭ್ರಮೆಯೋ ಎಂದು ತಿಳಿಯುವುದಕ್ಕೇ ಇಷ್ಟೆಲ್ಲ ಕಸರತ್ತು.

ಇಬ್ಬರದೂ ಸೇರಿ ಒಂದು ಹೊಲಿಗೆ ಅಂಗಡಿ. ಅಳತೆ ತೆಗೆದು ಕತ್ತರಿಸುವವಳು ಅವಳು, ಹೊಲಿಯುವವನು ಅವನು. ಮೊದಮೊದಲು ಅವನನ್ನು ಮಿಷನ್ನಿನ ಹತ್ತಿರವೂ ಬಿಡದೆ ಬರೀ ಗುಂಡಿ ಹೊಲಿಯಲು ಕೂರಿಸಿದ್ದಳು. ಆಗ ಅಂಟಿದ ಹೆಸರು ಗುಂಡಿಯಣ್ಣ. ಕೋಟು ಹೊಲಿಯುವಷ್ಟು ಕೈ ಪಳಗಿದ ಮೇಲೂ ಅದು ಬಿಡಲಿಲ್ಲ. ಅವಳಿಗೆ ಬೀದಿಯವರು ಇಟ್ಟ ಹೆಸರು ಕತ್ತರಿಯಮ್ಮ. ಕೈಯಲ್ಲಿರುವ ಕತ್ತರಿಗೋ, ಬಾಯಲ್ಲಿರುವ ಕತ್ತರಿಗೋ ಎಂದು ಯಾರೂ ಬಿಡಿಸಿ ಹೇಳುತ್ತಿರಲಿಲ್ಲ. ಹೇಳುವ ಎದೆಗಾರಿಕೆ ಯಾರಿಗಿತ್ತು?

ಒಮ್ಮೆ ಅವನು ದಾರ ತರುತ್ತೇನೆಂದು ಹೇಳಿ ಸಿನಿಮಾ ನೋಡಿ ಬಂದಿದ್ದ. ದಾರವನ್ನೂ ತಂದಿದ್ದ, ಪಾಪ. ಅವಳು ತಲೆ ಎತ್ತದೆ, ಬಾಯಲ್ಲಿ ಕಚ್ಚಿದ್ದ ಗುಂಡುಸೂಜಿಗಳ ನಡುವಿನಿಂದಲೇ, "ಕೊನೇಲಿ ಇಬ್ರೂ ಒಂದಾದ್ರಾ?" ಎಂದು ಕೇಳಿದ್ದಳು. ಹೇಗೆ ಕಂಡುಹಿಡಿದೆ ಮಾರಾಯ್ತಿ ಎಂದು ಗೋಗರೆದರೂ ಬಾಯಿ ಬಿಡಲಿಲ್ಲ. "ಹೇಳಿದ್ರೆ ನೀವು ತಿದ್ಕೊಂಡುಬಿಡ್ತೀರಿ" ಎನ್ನುವಳು, ನಗುವಳು. ಸಿಕ್ಕಿಬೀಳುವುದರಲ್ಲಿ ಅವನಿಗೂ ಒಂದು ಸುಖವಿತ್ತು. ನಮ್ಮನ್ನು ಇಷ್ಟು ಗಮನವಿಟ್ಟು ನೋಡುವವರು ಲೋಕದಲ್ಲಿ ಎಷ್ಟು ಜನ ಇರುತ್ತಾರೆ ಹೇಳಿ.

ಅಂಥವಳು ಒಂದು ದಿನ ಒಂದು ಅಂಗಿಗೆ ಎರಡೂ ಎಡದ ತೋಳುಗಳನ್ನೇ ಕತ್ತರಿಸಿಟ್ಟಳು. ಬಟ್ಟೆಯನ್ನು ಎರಡು ಪದರ ಮಡಚಿ ಹಾಸಿ ಕತ್ತರಿಸಿದರೆ ಎಡಕ್ಕೊಂದು ಬಲಕ್ಕೊಂದು ತೋಳು ತಾನಾಗಿ ಬರುತ್ತದೆ. ಕತ್ತರಿ ಹಿಡಿದ ಮೊದಲ ವಾರ ಕಲಿಯುವ ಪಾಠ ಅದು. ಅವಳು ಮಡಚಿರಲಿಲ್ಲ. ಒಂದು ತೋಳು ಕತ್ತರಿಸಿ, ಅದನ್ನೇ ಮಗುಚದೆ ಬಟ್ಟೆಯ ಮೇಲೆ ಇಟ್ಟು ಇನ್ನೊಂದನ್ನು ಕತ್ತರಿಸಿದ್ದಳು. ಗುಂಡಿಯಣ್ಣ ತಮಾಷೆಗೆ ಮಾಡಿದಳೆಂದು ನಕ್ಕ. ಅವಳು ನಗಲಿಲ್ಲ. ತೋಳುಗಳನ್ನು ತಿರುಗಿಸಿ ಮುರುಗಿಸಿ ನೋಡಿ, "ಬಟ್ಟೇನೇ ಸರಿಯಿಲ್ಲ" ಎಂದುಬಿಟ್ಟಳು.

ಕುಣಿಯಲಾರದವಳು ನೆಲ ಡೊಂಕು ಅಂದರೆ ಅರ್ಥವಾಗುತ್ತದೆ. ಇಷ್ಟು ವರ್ಷ ಕುಣಿದವಳು ಹಾಗಂದರೆ? ಅವಳ ಕಣ್ಣು ತಪ್ಪಿಸಿ ಅದೇ ಬಟ್ಟೆ ಕೊಂಡು ತಂದು, ತಾನೇ ಒಂದು ಬಲದ ತೋಳು ಕತ್ತರಿಸಿ ಕೂರಿಸಿದ. ಆಮೇಲೆ ಒಂದು ಕೋಟಿನ ಕಾಲರು ಹಾಗೇ ತಪ್ಪಾಯಿತು. ಅಳತೆ ತೆಗೆದು ಕಳಿಸಿದ ಗಿರಾಕಿಯನ್ನು ಮತ್ತೆ ಕರೆದು ಟೇಪು ಹಿಡಿದಳು. ಒಂದು ಸಲ ಡಾಕ್ಟರಿಗೆ ತೋರಿಸೋಣವೇ ಎಂದು ಅವನು ಮೆಲ್ಲಗೆ ಕೇಳಿದ್ದೇ ತಡ, "ಹುಚ್ಚಿ ಅಂತ ಹೇಳಿಸ್ಬೇಕಾ?" ಎಂದು ಟೇಪನ್ನು ಅವನ ಮೇಲೆ ಎಸೆದು, ಮೂರು ದಿನ ಮಾತು ಬಿಟ್ಟಳು.

ಹಾವೂ ಸಾಯಬಾರದು, ಕೋಲೂ ಮುರಿಯಬಾರದು. ಗುಂಡಿಯಣ್ಣ ಯೋಚಿಸಿ ಯೋಚಿಸಿ ಮರೆವನ್ನು ತನ್ನ ತಲೆಯ ಮೇಲೆ ಹೊತ್ತುಕೊಂಡ. ತನ್ನನ್ನು ಡಾಕ್ಟರ ಹತ್ತಿರ ಅವಳೇ ಕರೆದೊಯ್ಯಲಿ, ಆಗ ಡಾಕ್ಟರ ಕಣ್ಣು ಅವಳ ಮೇಲೂ ಬೀಳದೆ ಇರದು ಎಂಬುದು ಲೆಕ್ಕಾಚಾರ. ದಾರ ತರಲು ಹೋಗಿ ಈರುಳ್ಳಿ ತಂದ. ಕನ್ನಡಕವನ್ನು ಇಸ್ತ್ರಿಪೆಟ್ಟಿಗೆಯ ಪಕ್ಕದಲ್ಲಿಟ್ಟು ಮನೆಯೆಲ್ಲ ಹುಡುಕಿದ. ಮಾಡುವಾಗೆಲ್ಲ ಕಳ್ಳಗಣ್ಣಿನಿಂದ ಅವಳ ಮುಖ ನೋಡುವನು. 'ಸಾಕು ನಿಮ್ಮ ನಾಟಕ' ಎಂದು ಅವಳು ಒಂದು ಸಲ ಅಂದಿದ್ದರೆ ಸಾಕಿತ್ತು, ಆಸ್ಪತ್ರೆಯೂ ಬೇಡ, ಡಾಕ್ಟರೂ ಬೇಡ ಎಂದು ಕುಣಿದುಬಿಡುತ್ತಿದ್ದ. ಅವನಿಗೆ ಬೇಕಾಗಿದ್ದದ್ದು ಅದೊಂದೇ. ಅವಳು ತನ್ನನ್ನು ಹಿಡಿಯಬೇಕು. ಅವಳು ಹಿಡಿಯಲಿಲ್ಲ. "ವಯಸ್ಸಾಯ್ತು ನಿಮಗೆ" ಎಂದಳು. ಸುಳ್ಳು ಒಂದು ದಿನ ಉಳಿಯಿತು, ಒಂದು ವಾರ ಉಳಿಯಿತು, ಎರಡು ತಿಂಗಳು ಉಳಿಯಿತು. ಉಳಿದಷ್ಟೂ ಅವನಿಗೆ ನಿದ್ದೆ ಹತ್ತದಾಯಿತು. ಕೊನೆಗೆ ಅವಳೇ, "ಏಳಿ, ಡಾಕ್ಟರಿಗೆ ತೋರಿಸ್ಕೊಂಡು ಬರೋಣ" ಎಂದು ಚಪ್ಪಲಿ ಮೆಟ್ಟಿದ್ದಳು.

ಒಳಗೆ ಕರೆದರು. ಡಾಕ್ಟರಮ್ಮ ಇನ್ನೂ ಸಣ್ಣ ವಯಸ್ಸಿನವಳು, ನೆಗಡಿಯಾಗಿತ್ತು, ಮೂಗು ಕೆಂಪಗಿತ್ತು. ಮೇಜಿನ ಮೇಲೆ ಮೊಣಕಾಲಿಗೆ ತಟ್ಟುವ ಪುಟ್ಟ ಸುತ್ತಿಗೆ, ಪೆನ್ನುಗಳ ಲೋಟ, ಕಿಟಕಿಯಾಚೆ ಸೈಕಲ್ ಸ್ಟ್ಯಾಂಡು. ಗುಂಡಿಯಣ್ಣನ ಕಣ್ಣಿಗೆ ಬಿದ್ದದ್ದು ಅವಳ ಬಿಳಿ ಕೋಟಿನ ಎರಡನೆಯ ಗುಂಡಿ. ಒಂದೇ ಎಳೆಯಲ್ಲಿ ನೇತಾಡುತ್ತಿತ್ತು.

"ಇದು ಯಾವ ಇಸವಿ, ಯಜಮಾನರೇ?"

"ಗೊತ್ತಿಲ್ಲ ತಾಯಿ." ಪ್ರಶ್ನೆ ಮುಗಿಯುವ ಮೊದಲೇ ಉತ್ತರ ಬಂತು.

"ಬೇಸಿಗೇನಾ, ಚಳಿಗಾಲಾನಾ?"

"ಗೊತ್ತಿಲ್ಲ." ಸ್ವೆಟರಿನ ಮೇಲೆ ಸ್ವೆಟರು ಹಾಕಿಕೊಂಡು ಕೂತಿದ್ದ ಮಹಾನುಭಾವ.

"ಕೈಗೆ ಬೆರಳೆಷ್ಟು?"

ಗುಂಡಿಯಣ್ಣ ಸ್ವಲ್ಪ ಯೋಚಿಸಿದ. "ಆರು" ಎಂದ. ಇಷ್ಟಕ್ಕೇ ನಿಲ್ಲಿಸಿದ್ದರೆ ಮಾನ ಉಳಿಯುತ್ತಿತ್ತೇನೋ. ತಡೆಯಲಾರದೆ, "ನಿಮ್ಮ ಎರಡನೇ ಗುಂಡಿ ಇವತ್ತು ಬೀಳುತ್ತೆ ತಾಯೀ, ಯಾವುದಾದ್ರೂ ಸೂಜಿ ಇದ್ರೆ ಕೊಡಿ" ಎಂದುಬಿಟ್ಟ. ಡಾಕ್ಟರಮ್ಮ ಕರವಸ್ತ್ರದಲ್ಲಿ ಮೂಗಿನ ಜೊತೆಗೆ ನಗುವನ್ನೂ ಒರೆಸಿಕೊಂಡಳು.

ಆಮೇಲೆ ಮೂರು ಪದ ಹೇಳಿದಳು: ಸೇತುವೆ, ನಿಂಬೆಹಣ್ಣು, ಬೀಗ. "ಇವನ್ನ ನೆನಪಿಟ್ಕೊಳ್ಳಿ, ಸ್ವಲ್ಪ ಹೊತ್ತಿಗೆ ಕೇಳ್ತೀನಿ. ಅಮ್ಮಾ, ನೀವೂ ಒಂದ್ಸಲ ಹೇಳಿ. ಜೊತೆಗೆ ಬಂದೋರಿಗೂ ಕೇಳೋದು ನಮ್ಮಲ್ಲಿ ರೂಢಿ."

"ಸೇತುವೆ, ನಿಂಬೆಹಣ್ಣು, ಬೀಗ. ಇದೇನು ಮಕ್ಕಳಾಟ!" ಎಂದಳು ಕತ್ತರಿಯಮ್ಮ, ಗಂಡನ ಕಡೆ ಹೆಮ್ಮೆಯಿಂದ ನೋಡಿ.

ಡಾಕ್ಟರಮ್ಮ ಅವನ ಮೊಣಕಾಲಿಗೆ ತಟ್ಟಿದಳು, ಗೋಡೆಯ ತನಕ ನಡೆಸಿ ವಾಪಸು ಕರೆದಳು, ಕಣ್ಣಿಗೆ ಬೆಳಕು ಬಿಟ್ಟಳು. ಹಾಗೇ ಮಾತಿನ ಮಧ್ಯೆ ತಿರುಗಿ, "ಅಮ್ಮಾ, ಆ ಮೂರು ಪದ?" ಎಂದಳು.

"ಯಾವ ಪದ?"

"ಆಗ ಹೇಳಿದ್ನಲ್ಲ."

"ಯಾವಾಗ ಹೇಳಿದ್ರಿ?" ಎಂದಳು ಕತ್ತರಿಯಮ್ಮ. ಕೂಡಲೇ ನಕ್ಕು, "ನಾನು ಅಂಗಡಿ ಬಾಗಿಲು ಹಾಕ್ಕೊಂಡು ಬಂದಿರೋದು ಇವರನ್ನ ತೋರಿಸೋಕೆ ಡಾಕ್ಟ್ರೇ, ಪದ ಕಲಿಯೋಕಲ್ಲ" ಎಂದಳು. ಮಾತು ಎಂದಿನಂತೆ ಚುರುಕಾಗಿತ್ತು. ಪದಗಳು ಮಾತ್ರ ಇರಲಿಲ್ಲ. ಗುಂಡಿಯಣ್ಣನ ತುಟಿ ತಾನೇ ಅಲುಗಾಡಿತು. ಪರೀಕ್ಷೆಯಲ್ಲಿ ಪಕ್ಕದವರಿಗೆ ತೋರಿಸುವ ಹುಡುಗನ ಹಾಗೆ ಮೂರನ್ನೂ ಅವಳ ಕಡೆ ದಾಟಿಸಿಬಿಡಬೇಕೆಂದು ಜೀವ ಚಡಪಡಿಸಿತು.

"ಹೋಗ್ಲಿ ಬಿಡಿ. ನಿನ್ನೆ ಅಂಗಡೀಲಿ ಏನೇನು ಕೆಲಸ ಆಯ್ತು?"

ಅವಳು ಬಾಯಿ ತೆರೆದಳು. ಆಮೇಲೆ ನಿಧಾನವಾಗಿ ಕತ್ತು ಹೊರಳಿಸಿ ಗಂಡನ ಮುಖ ನೋಡಿದಳು. "ಏನ್ರೀ, ನಿನ್ನೆ ಏನಾಯ್ತು?"

ಅವನು ಏನು ಹೇಳಿಯಾನು? ಮರೆವಿನವನಲ್ಲವೇ ಅವನು! ತಾನೇ ಹೊಲಿದ ಚೀಲದೊಳಗೆ ತಾನೇ ಸಿಕ್ಕಿಕೊಂಡಿದ್ದ. ನೆಲ ನೋಡಿದ.

"ಅಮ್ಮಾ, ಕೈಯಲ್ಲಿ ಕತ್ತರಿ ಇದೆ ಅಂದ್ಕೊಳ್ಳಿ. ಬಟ್ಟೆ ಕತ್ತರಿಸೋ ಹಾಗೆ ಮಾಡಿ ತೋರಿಸಿ."

ಇದಕ್ಕೆ ಅವಳು ಖುಷಿಯಾಗಿ ನೆಟ್ಟಗೆ ಕೂತಳು. ಬಲಗೈ ಎತ್ತಿದಳು. ತೋರುಬೆರಳು, ನಡುಬೆರಳು ಎರಡನ್ನೂ ಉದ್ದಕ್ಕೆ ಚಾಚಿ, ತೆರೆದು ಮುಚ್ಚಿ, ತೆರೆದು ಮುಚ್ಚಿ ಮಾಡಿದಳು. ಸಣ್ಣ ಮಕ್ಕಳು ಆಟಕ್ಕೆ ಮಾಡುತ್ತಾರಲ್ಲ, ಹಾಗೆ. ಬೆರಳೇ ಕತ್ತರಿಯಾಗಿತ್ತು. ಕತ್ತರಿ ಹಿಡಿಯುವ ಹೆಬ್ಬೆರಳು ಎಲ್ಲೂ ಇರಲಿಲ್ಲ.

ಅವಳ ಹೆಬ್ಬೆರಳಿನ ಬುಡದಲ್ಲಿ ಕತ್ತರಿಯ ಹಿಡಿ ಒತ್ತಿ ಒತ್ತಿ ಆದ ಗಂಟು ಗುಂಡಿಯಣ್ಣನಿಗೆ ಕಾಣುತ್ತಲೇ ಇತ್ತು. ಡಾಕ್ಟರಮ್ಮ ಖಾನೆಯಿಂದ ನಿಜವಾದ ಕತ್ತರಿ ತೆಗೆದುಕೊಟ್ಟಳು. ಕೊಟ್ಟ ತಕ್ಷಣ ಕೈಗೆ ಎಲ್ಲವೂ ನೆನಪಾಯಿತು. ಹೆಬ್ಬೆರಳು ಅದರ ಜಾಗಕ್ಕೆ ಹೋಯಿತು, ಕಾಗದ ಗೆರೆ ಎಳೆದ ಹಾಗೆ ಸೀಳಿತು. ಆದರೆ ಅವನ ಕಣ್ಣು ಅಷ್ಟರಲ್ಲಿ ತುಂಬಿಬಿಟ್ಟಿತ್ತು. ಅವನು ಕಿಟಕಿಯಾಚೆಯ ಸೈಕಲ್ಲುಗಳನ್ನು ನೋಡುತ್ತ ಕೂತ.

ರಕ್ತ ತೆಗೆಯಲು ನರ್ಸು ಕತ್ತರಿಯಮ್ಮನನ್ನು ಪಕ್ಕದ ಕೋಣೆಗೆ ಕರೆದೊಯ್ದಳು. "ಕಾಯಿಲೆ ಅವರಿಗೆ, ರಕ್ತ ನನ್ನದು! ಇದ್ಯಾವ ನ್ಯಾಯ?" ಎಂದು ಅವಳು ಗೊಣಗುವುದು ಬಾಗಿಲಾಚೆಯಿಂದ ಕೇಳಿಸುತ್ತಿತ್ತು.

"ಯಜಮಾನರೇ, ಸೇತುವೆ, ಬೀಗ... ಇನ್ನೊಂದು ಯಾವುದು?" ಎಂದಳು ಡಾಕ್ಟರಮ್ಮ, ಏನೋ ಬರೆಯುತ್ತ.

"ನಿಂಬೆಹಣ್ಣು" ಎಂದ ಗುಂಡಿಯಣ್ಣ. ನಾಲಿಗೆ ಕಚ್ಚಿಕೊಂಡ.

ಅವಳು ಪೆನ್ನು ಕೆಳಗಿಟ್ಟಳು. "ನಿಜವಾಗ್ಲೂ ಮರೆಯೋರು ಗೊತ್ತಿಲ್ಲ ಅಂತ ಇಷ್ಟು ಜೋರಾಗಿ ಹೇಳಲ್ಲ. ಮುಚ್ಚಿಡ್ತಾರೆ. ನಗಿಸ್ತಾರೆ, ನೆಪ ಹೇಳ್ತಾರೆ, ಜೊತೇಲಿರೋರ ಮುಖ ನೋಡ್ತಾರೆ. ನೀವು ಒಂದ್ಸಲಾನೂ ನೋಡಲಿಲ್ಲ. ಅವರು ನೋಡಿದ್ರು. ಎಷ್ಟು ದಿನದಿಂದ ನಡೀತಿದೆ ಈ ನಾಟಕ?"

"ಎರಡು ತಿಂಗಳಾಯ್ತು ತಾಯಿ."

"ಅವರಿಗೆ ಗೊತ್ತಾಗಲಿಲ್ವಾ?"

ಅಷ್ಟು ಕೇಳಿದ್ದೇ ಸಾಕಾಯಿತು. "ಅದೇ ತಾಯಿ ನನ್ನ ಸಂಕಟ," ಎಂದ. "ನನ್ನ ಒಂದು ಸುಳ್ಳೂ ಅವಳ ಹತ್ರ ಒಂದು ಹೊತ್ತು ದಾಟಿದ್ದಿಲ್ಲ. ನೋಡದೇನೆ ಹಿಡೀತಿದ್ಲು. ಇವತ್ತು ಹಿಡೀತಾಳೆ, ನಾಳೆ ಹಿಡೀತಾಳೆ ಅಂತ ಕಾದೆ. ಹಿಡಿಯಲಿಲ್ಲ. ಮನೇಲೇ ಇದ್ದಾಳೆ, ಪಕ್ಕದಲ್ಲೇ ಮಲಗ್ತಾಳೆ. ಆದ್ರೂ ಅವಳು ಬೇಕು ಅನ್ಸತ್ತೆ ತಾಯಿ ನನಗೆ. ಊರಿಗೆ ಹೋದೋಳು ಯಾವಾಗ ಬರ್ತಾಳೋ ಅನ್ನೋ ಹಾಗೆ."

ಡಾಕ್ಟರಮ್ಮ ಕುರ್ಚಿ ಹತ್ತಿರಕ್ಕೆ ಎಳೆದುಕೊಂಡಳು. ಒಂದೇ ದಿನ ನೋಡಿ ತೀರ್ಪು ಹೇಳುವ ಕಾಯಿಲೆ ಇದಲ್ಲ ಎಂದಳು. ಥೈರಾಯಿಡ್ ಕಡಿಮೆಯಾದರೂ ಹೀಗಾಗುತ್ತದೆ, ಕೆಲವು ವಿಟಮಿನ್ನು ಇಲ್ಲದಿದ್ದರೂ ಆಗುತ್ತದೆ, ಮನಸ್ಸು ಕುಗ್ಗಿದರೂ ಆಗುತ್ತದೆ. ಅವೆಲ್ಲ ಸರಿಹೋಗುವಂಥವು, ಮೊದಲು ಅವನ್ನು ನೋಡೋಣ, ತಲೆಯ ಸ್ಕ್ಯಾನೂ ಆಗಲಿ ಎಂದಳು. "ಆದ್ರೆ ಸುಳ್ಳು ಭರವಸೆ ಕೊಡಲ್ಲ. ಇವತ್ತು ಕಂಡದ್ದು ನನಗೆ ಸಮಾಧಾನ ತರಲಿಲ್ಲ. ಮರೆವಿನ ಕಾಯಿಲೆಯೇ ಆಗಿದ್ರೂ ಇನ್ನೂ ಶುರುವಿನಲ್ಲಿದೆ. ಮತ್ತೆ, ಇದನ್ನ ಅವರಿಂದ ಬಚ್ಚಿಡೋದು ಬೇಡ. ತಲೆ ಅವರದು."

ಕತ್ತರಿಯಮ್ಮ ಮೊಣಕೈಗೆ ಹತ್ತಿ ಒತ್ತಿ ಹಿಡಿದುಕೊಂಡು ಬಂದಳು. ಡಾಕ್ಟರಮ್ಮ ಅವಳ ಕೈ ಹಿಡಿದು, ನಿಮ್ಮ ನೆನಪು ಅಲ್ಲಲ್ಲಿ ಎಡವುತ್ತಿದೆ ಅಮ್ಮಾ, ಯಾಕೆಂದು ಹುಡುಕೋಣ ಎಂದು ಬಿಡಿಸಿ ಹೇಳಿದಳು. ಟೇಪು ಈಗ ಹಾರುತ್ತದೆ, ಆಗ ಹಾರುತ್ತದೆ ಎಂದು ಗುಂಡಿಯಣ್ಣ ಮುದುಡಿ ಕೂತಿದ್ದ. ಅವಳು ಕೂಗಾಡಲಿಲ್ಲ. ತೋಳಿನ ಮೇಲಿನ ಹತ್ತಿಯನ್ನು ಎತ್ತಿ ನೋಡಿ ಮತ್ತೆ ಒತ್ತಿಕೊಂಡಳು. "ಸರಿ" ಎಂದಳು, ಅಷ್ಟೇ.

ಬಸ್ಸಿನಲ್ಲಿ ಕಿಟಕಿ ಪಕ್ಕ ಅವಳು ಕೂತಳು, ಅವಳಿಗೆ ಒತ್ತಿಕೊಂಡು ಅವನು. ಆಮೇಲೆ ಅವಳು ಹೊರಗೆ ನೋಡುತ್ತಲೇ ಕೇಳಿದಳು.

"ಬೆರಳು ಆರು ಅಂತ ಯಾರು ಹೇಳಿಕೊಟ್ರು ನಿಮಗೆ?"

ಗುಂಡಿಯಣ್ಣ ಥಟ್ಟನೆ ಅವಳ ಕಡೆ ತಿರುಗಿದ.

"ಈರುಳ್ಳಿ ತಂದ ದಿನಾನೇ ಗೊತ್ತಾಯ್ತು ನನಗೆ," ಎಂದಳು. "ದಾರದ ಅಂಗಡೀಲಿ ಈರುಳ್ಳಿ ಸಿಗತ್ತಾ? ಅದಕ್ಕೆ ಇನ್ನೂ ಎರಡು ಬೀದಿ ದಾಟಿ ಹೋಗ್ಬೇಕು. ಮರೆವಿನೋರು ಅಷ್ಟು ದೂರ ಹೋಗಿ ಚೌಕಾಸಿ ಮಾಡ್ಕೊಂಡು ಬರಲ್ಲ."

ಅವನಿಗೆ ಬಸ್ಸಿನಲ್ಲೇ ಎದ್ದು ನಿಂತು ಎಲ್ಲರಿಗೂ ಹೇಳಬೇಕೆನಿಸಿತು. ಹಿಡಿದಿದ್ದಳು! ಮೊದಲ ದಿನವೇ ಹಿಡಿದಿದ್ದಳು! ಹೋದ ಜೀವ ಬಂದಂತಾಗಿ ಅವಳ ಕೈಯನ್ನು ಗಟ್ಟಿಯಾಗಿ ಹಿಡಿದುಕೊಂಡ. "ಮತ್ತೆ ಯಾಕೆ ಸುಮ್ಮನಿದ್ದೆ, ಮಹರಾಯ್ತಿ?"

"ಹಿಡಿದಿದ್ರೆ, ಯಾಕೆ ಹೀಗೆ ಮಾಡಿದ್ರಿ ಅಂತ ಕೇಳ್ಬೇಕಾಗ್ತಿತ್ತು. ನೀವು ಹೇಳಿಬಿಡ್ತಿದ್ರಿ. ಅದನ್ನ ಕೇಳೋ ಧೈರ್ಯ ನನಗಿರಲಿಲ್ಲ." ಅವಳು ಅವನ ಕಡೆ ತಿರುಗಿದಳು. "ಆ ಬಲಗಡೆ ತೋಳು ನಾನು ಕತ್ತರಿಸಿದ್ದಲ್ಲ ಅಂತಾನೂ ಗೊತ್ತಿತ್ತು. ಕಂಕುಳ ಹತ್ರ ಬಿಗಿ. ಪಾಪ, ಆ ಗಿರಾಕಿ ಕೈಯೆತ್ತಿ ಬಸ್ಸು ನಿಲ್ಲಿಸೋ ಹಾಗಿಲ್ಲ."

ಇಬ್ಬರೂ ನಕ್ಕರು. ಮುಂದಿನ ಸೀಟಿನ ಹೆಂಗಸು ತಿರುಗಿ ನೋಡುವಷ್ಟು ನಕ್ಕರು. ನಗು ನಿಂತ ಮೇಲೆ ಅವಳು ದನಿ ಇಳಿಸಿದಳು.

"ಒಂದು ಹೇಳ್ಬಿಡ್ತೀನಿ ಇವತ್ತು. ನಾನೇ ಮರೆತುಬಿಟ್ರೆ ಇನ್ಯಾರಿಗೂ ಗೊತ್ತಿರಲ್ಲ. ನಿಜ ಹೇಳುವಾಗ ನೀವು ಸೂಜಿ ನೋಡ್ಕೊಂಡು ಹೇಳ್ತೀರಿ. ಸುಳ್ಳು ಹೇಳುವಾಗ ಮಾತ್ರ ಕೆಲಸ ನಿಲ್ಸಿ ನನ್ನ ಕಣ್ಣನ್ನೇ ನೋಡ್ತೀರಿ. ಅಷ್ಟೇ ಗುಟ್ಟು." ಆಮೇಲೆ ಹೇಳಿದಳು, "ನೀವು ಸುಳ್ಳು ಹೇಳೋದು ನನಗೆ ಇಷ್ಟಾನೇ ಆಗ್ತಿತ್ತು. ಹಾಗಾದ್ರೂ ಮುಖ ಎತ್ತಿ ನೋಡ್ತಿದ್ರಲ್ಲ."

ಅವನು ಅವಳ ಮುಖವನ್ನೇ ನೋಡುತ್ತ ಕೂತ. ತಮ್ಮ ನಿಲ್ದಾಣ ಬಂದು ದಾಟಿ ಹೋಗಿದ್ದು ಇಬ್ಬರಿಗೂ ಗೊತ್ತಾಗಲಿಲ್ಲ.

ರಕ್ತದಲ್ಲಿ ಏನೂ ದೋಷ ಸಿಗಲಿಲ್ಲ. ಸಿಕ್ಕಿದ್ದರೆ ಚೆನ್ನಾಗಿತ್ತು, ದೋಷ ಸಿಗಲೆಂದು ಹರಸಿಕೊಳ್ಳುವ ಗತಿ ಯಾರಿಗೂ ಬೇಡ. ಸ್ಕ್ಯಾನು ನೋಡಿ, ಮತ್ತೆ ಎರಡು ಸಲ ಕೂರಿಸಿ ಪರೀಕ್ಷೆ ಮಾಡಿ, ಡಾಕ್ಟರಮ್ಮ ಕಾಯಿಲೆಯ ಹೆಸರು ಹೇಳಿದಳು, ಮಾತ್ರೆ ಬರೆದುಕೊಟ್ಟಳು. ವಾಸಿಯಾಗುವುದಿಲ್ಲ, ಸ್ವಲ್ಪ ನಿಧಾನವಾಗಬಹುದು ಎಂದಳು.

ಚಳಿಗಾಲ ಹೋಗಿ ಬಿಸಿಲು ಬಂತು. ಈಗ ಕತ್ತರಿಸುವವನೂ ಅವನೇ, ಹೊಲಿಯುವವನೂ ಅವನೇ. ಅವಳು ಪಕ್ಕದ ಕುರ್ಚಿಯಲ್ಲಿ ಕೂತು ಗುಂಡಿ ತೂರಿಸುವ ಕಾಜಾಗಳ ದಾರದ ತುದಿ ಕತ್ತರಿಸುತ್ತಾಳೆ. ಕೆಲವು ದಿನ ಬಾಯಿ ಹಳೆಯ ಹರಿತಕ್ಕೆ ಬರುತ್ತದೆ, ಆವತ್ತು ಬೀದಿಗೆಲ್ಲ ಹಬ್ಬ. ಕೆಲವು ದಿನ ಗಿರಾಕಿಗಳಿಗೆ ಗುಟ್ಟಾಗಿ ಹೇಳುತ್ತಾಳೆ: "ಇವರಿಗೆ ಸ್ವಲ್ಪ ಮರೆವು. ಡಾಕ್ಟರಿಗೆ ತೋರಿಸಿದೀನಿ. ಏನಾದ್ರೂ ತಪ್ಪಾದ್ರೆ ಬೇಜಾರು ಮಾಡ್ಕೋಬೇಡಿ." ಗಿರಾಕಿಗಳು ಅವನ ಹತ್ತಿರ ಗಟ್ಟಿ ದನಿಯಲ್ಲಿ, ನಿಧಾನವಾಗಿ ಮಾತಾಡುತ್ತಾರೆ. ಅವನು ತಲೆಯಾಡಿಸುತ್ತಾನೆ.

ಒಂದು ದಿನ ಬೆಳಿಗ್ಗೆ ಅವಳು ನೀರಿನ ಲೋಟ ಮತ್ತು ತನ್ನದೇ ಮಾತ್ರೆ ಹಿಡಿದುಕೊಂಡು ಅವನ ಮುಂದೆ ಬಂದು ನಿಂತಳು. "ತಗೊಳ್ಳಿ. ಡಾಕ್ಟರು ಹೇಳಿದ್ದು ಮರೆತ್ರಾ?"

"ಇಬ್ಬರೂ ತಗೋಬೇಕಂತೆ. ಮೊದಲು ನೀನು," ಎಂದ ಅವನು, ಗುಂಡಿ ಹಾಕುತ್ತಿದ್ದ ಕೈ ನಿಲ್ಲಿಸಿ.

ಅವಳು ನುಂಗಿದಳು. ಅಲ್ಲೇ ನಿಂತಳು. "ನಿಜ ಹೇಳಿ, ಈಗ ಹೇಗಿದೆ? ಏನಾದ್ರೂ ನೆನಪಿರತ್ತಾ ನಿಮಗೆ?"

ಗುಂಡಿಯಣ್ಣ ಸೂಜಿಯನ್ನು ಬಟ್ಟೆಗೆ ಚುಚ್ಚಿಟ್ಟ. ಕನ್ನಡಕ ತೆಗೆದ. ಮುಖ ಎತ್ತಿ ಅವಳ ಕಣ್ಣನ್ನೇ ನೋಡಿದ, ಕಳ್ಳ ತಾನಾಗಿ ಠಾಣೆಗೆ ಹೋಗಿ ಎರಡೂ ಕೈ ಚಾಚಿ ನಿಂತ ಹಾಗೆ.

"ಇಲ್ಲ ಕಣೇ. ನನಗೆ ಒಂದೂ ನೆನಪಿರಲ್ಲ."

ಅವಳೂ ನೋಡಿದಳು. ತುಂಬಾ ಹೊತ್ತು ನೋಡಿದಳು. ಅವನು ರೆಪ್ಪೆ ಬಡಿಯಲಿಲ್ಲ, ಉಸಿರು ಬಿಡಲಿಲ್ಲ. ಅವಳು ಬಗ್ಗಿ ಅವನ ಅಂಗಿಯ ಕಾಲರು ಸರಿಮಾಡಿದಳು.

"ಹೆದರ್ಕೋಬೇಡಿ," ಎಂದಳು. "ನಾನಿದ್ದೀನಲ್ಲ."